ಕೆಂಪು ಮೂತ್ರ, ಎಡ ಪಕ್ಕೆಯ ನೋವು: ಕಿಡ್ನಿಯ ರಕ್ತನಾಳ ಒತ್ತಿಕೊಂಡಿದ್ದರೆ ಏನು ಮಾಡಬೇಕು?

ಮೂತ್ರ ಕೆಂಪಗೆ ಹೋಯಿತೆಂದರೆ ಯಗಟಿ, ಪಂಚನಹಳ್ಳಿ, ಸಿಂಗಟಗೆರೆ ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು "ಉಷ್ಣ ಆಗೈತೆ, ಎಳ್ನೀರು ಕುಡಿ" ಎನ್ನುವುದು. ಕಡೂರಿನ ಬಯಲು ಬಿಸಿಲಲ್ಲಿ ನೀರು ಕುಡಿಯದೆ ತೋಟ, ಹೊಲ ಸುತ್ತುವವರಿಗೆ ಆ ಮಾತು ಎಷ್ಟೋ ಸಲ ಸರಿಯೂ ಇರುತ್ತದೆ. ಮೈಯಲ್ಲಿ ನೀರು ಸಾಲದಾದಾಗ ಮೂತ್ರ ಕಡು ಹಳದಿಯಾಗುತ್ತದೆ, ಉರಿಯುತ್ತದೆ. ಎಳನೀರು, ಮಜ್ಜಿಗೆ, ಕಾಮಕಸ್ತೂರಿ ಬೀಜದ ಪಾನಕ ಕುಡಿದರೆ ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ಆದರೆ ಹಳದಿ ಬೇರೆ, ಕೆಂಪು ಬೇರೆ. ಮೂತ್ರದಲ್ಲಿ ರಕ್ತ ಬರಲು ಉಷ್ಣ ಕಾರಣವಲ್ಲ. ಒಮ್ಮೆ ಬಂದು ತಾನಾಗಿಯೇ ನಿಂತರೂ ಅದನ್ನು ಪರೀಕ್ಷೆ ಮಾಡಿಸಲೇಬೇಕು.

ಹೆಚ್ಚಿನವರಲ್ಲಿ ಕಾರಣ ಕಿಡ್ನಿ ಕಲ್ಲು ಅಥವಾ ಮೂತ್ರದ ಸೋಂಕು. ಮಕ್ಕಳಲ್ಲಿ ಗಂಟಲು ನೋವೋ ಚರ್ಮದ ಹುಣ್ಣೋ ಆಗಿ ಕೆಲವು ವಾರಗಳ ಮೇಲೆ ಕಿಡ್ನಿಯ ಉರಿಯೂತ ಬರುವುದುಂಟು. ಆಗ ಮೂತ್ರ ಕೆಂಪಾಗುವ ಬದಲು ಕಂದಾಗುತ್ತದೆ, ಮುಖ ಊದಿಕೊಳ್ಳುತ್ತದೆ. ಕೆಲವರಲ್ಲಿ ಮೂತ್ರಾಂಗದ ಕ್ಷಯ ಇರುತ್ತದೆ. 40 ದಾಟಿದವರಲ್ಲಿ, ಅದರಲ್ಲೂ ಬೀಡಿ, ಸಿಗರೇಟು ಸೇದುವವರಲ್ಲಿ, ನೋವಿಲ್ಲದೆ ರಕ್ತ ಹೋದರೆ ಮೂತ್ರಕೋಶದ ಕ್ಯಾನ್ಸರ್ ಅಲ್ಲವೆಂದು ಖಚಿತವಾಗುವ ತನಕ ಸುಮ್ಮನಿರುವಂತಿಲ್ಲ. ಬೀಟ್‌ರೂಟ್ ತಿಂದ ಮರುದಿನ ಮೂತ್ರಕ್ಕೆ ಬಣ್ಣ ಬರುವುದೂ, ಕ್ಷಯದ ಮಾತ್ರೆ ನುಂಗುವವರ ಮೂತ್ರ ಕಿತ್ತಳೆ ಬಣ್ಣವಾಗುವುದೂ ಇದೆ, ಅದು ರಕ್ತವಲ್ಲ.

ಇದೆಲ್ಲ ನೋಡಿಯಾದ ಮೇಲೂ ಕೆಲವರಿಗೆ ಉತ್ತರ ಸಿಗುವುದಿಲ್ಲ. ಸ್ಕ್ಯಾನಿನಲ್ಲಿ ಕಲ್ಲಿಲ್ಲ, ಸೋಂಕಿಲ್ಲ, ಆದರೂ ಆಗಾಗ ರಕ್ತ. ವಯಸ್ಸು ಹದಿನಾಲ್ಕೋ ಹದಿನೆಂಟೋ ಇಪ್ಪತ್ತೈದೋ. ಮೈ ಕಡ್ಡಿಯಷ್ಟು ತೆಳ್ಳಗೆ. ನೋವು ಬಂದರೆ ಎಡ ಪಕ್ಕೆಯಲ್ಲೇ. ಇಂಥವರಲ್ಲಿ ಹುಡುಕಬೇಕಾದ ಒಂದು ಅಪರೂಪದ ಕಾರಣ, ಎಡ ಕಿಡ್ನಿಯಿಂದ ರಕ್ತ ಹೊರಗೆ ಒಯ್ಯುವ ಅಭಿಧಮನಿ ಒತ್ತಿಕೊಂಡಿರುವುದು. ವೈದ್ಯರ ಚೀಟಿಯಲ್ಲಿ ಇದು 'ನಟ್‌ಕ್ರ್ಯಾಕರ್ ಸಿಂಡ್ರೋಮ್' ಎಂದಿರುತ್ತದೆ. ಈ ಹೆಸರು ಕೇಳಿ ಹೆದರಿದವರಿಗೂ, ವರ್ಷಗಟ್ಟಲೆ ಹೆಸರೇ ಸಿಗದೆ ಅಲೆದವರಿಗೂ ಈ ಲೇಖನ.

ಒತ್ತಡ ಬೀಳುವುದು ಎಲ್ಲಿ?

ಹೃದಯದಿಂದ ಇಳಿದು ಬರುವ ಮಹಾಪಧಮನಿ ಬೆನ್ನುಮೂಳೆಯ ಮುಂದೆ ಸ್ವಲ್ಪ ಎಡಕ್ಕಿದೆ. ರಕ್ತವನ್ನು ಹೃದಯಕ್ಕೆ ಮರಳಿಸುವ ದೊಡ್ಡ ಅಭಿಧಮನಿ ಅದರ ಬಲಕ್ಕಿದೆ. ಬಲ ಕಿಡ್ನಿಯ ರಕ್ತಕ್ಕೆ ಅಲ್ಲಿಗೆ ದಾರಿ ಹತ್ತಿರ, ಎರಡರಿಂದ ನಾಲ್ಕು ಸೆಂಟಿಮೀಟರ್ ಅಷ್ಟೆ. ಎಡ ಕಿಡ್ನಿಯ ಅಭಿಧಮನಿ ಆರರಿಂದ ಹತ್ತು ಸೆಂಟಿಮೀಟರ್ ಉದ್ದವಿದ್ದು, ಮಹಾಪಧಮನಿಯನ್ನು ಅಡ್ಡ ದಾಟಿಯೇ ಹೋಗಬೇಕು. ದಾಟುವ ಜಾಗದ ಸ್ವಲ್ಪ ಮೇಲೆ, ಕರುಳಿಗೆ ರಕ್ತ ಒಯ್ಯುವ ಅಪಧಮನಿ ಮಹಾಪಧಮನಿಯಿಂದ ಕವಲೊಡೆದು ಮುಂದಕ್ಕೆ ಬಾಗಿ ಕೆಳಗಿಳಿಯುತ್ತದೆ. ಹಿಂದೆ ಮಹಾಪಧಮನಿ, ಮುಂದೆ ಈ ಕವಲು, ನಡುವೆ ನಮ್ಮ ಅಭಿಧಮನಿ. 1937ರಲ್ಲಿ ಅಂಗರಚನಾ ತಜ್ಞ ಜೆ.ಸಿ.ಬಿ. ಗ್ರಾಂಟ್ ಈ ಜಾಗವನ್ನು ವಿವರಿಸುವಾಗ ಕಾಯಿ ಒಡೆಯುವ ಇಕ್ಕಳದ ನಡುವೆ ಸಿಕ್ಕ ಕಾಯಿಯ ಹೋಲಿಕೆ ಕೊಟ್ಟರು. ಅಡಕತ್ತರಿಯ ಬಾಯಿಗೆ ಸಿಕ್ಕ ಅಡಕೆಯನ್ನು ನೆನೆದರೆ ತರೀಕೆರೆ, ಅಜ್ಜಂಪುರದ ತೋಟದವರಿಗೆ ಬೇರೆ ವಿವರಣೆ ಬೇಕಿಲ್ಲ. 1950ರಲ್ಲಿ ಎಲ್-ಸದ್ರ್ ಮತ್ತು ಮಿನಾ ಎಂಬ ವೈದ್ಯರು ಇದರಿಂದ ಕಾಯಿಲೆ ಬಿದ್ದ ರೋಗಿಯ ವಿವರ ಪ್ರಕಟಿಸಿದರು. 1972ರಲ್ಲಿ ಬೆಲ್ಜಿಯಂನ ಡಿ ಷೆಪರ್ ಬರೆದ ಲೇಖನದ ನಂತರ ಈಗಿನ ಹೆಸರು ನೆಲೆಯಾಯಿತು.

ಎರಡು ಅಪಧಮನಿಗಳ ನಡುವೆ ಕೊಬ್ಬಿನ ಒಂದು ಮೆತ್ತೆ ಇರುತ್ತದೆ. ಅದೇ ಅವುಗಳ ನಡುವಿನ ಕೋನವನ್ನು ಅಗಲವಾಗಿಡುತ್ತದೆ. ತೀರಾ ತೆಳ್ಳಗಿರುವವರಲ್ಲಿ, ಒಮ್ಮೆಗೇ ಎತ್ತರ ಬೆಳೆದ ಹುಡುಗ ಹುಡುಗಿಯರಲ್ಲಿ, ಕಾಯಿಲೆಯಿಂದಲೋ ಉಪವಾಸದಿಂದಲೋ ಬೇಗ ತೂಕ ಕಳೆದುಕೊಂಡವರಲ್ಲಿ ಆ ಮೆತ್ತೆ ಕರಗಿ ಕೋನ ಕಿರಿದಾಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಅಭಿಧಮನಿ ಮಹಾಪಧಮನಿಯ ಹಿಂದೆ ಹಾದುಹೋಗಿ, ಬೆನ್ನುಮೂಳೆಗೆ ತಾಗಿ ಒತ್ತಿಕೊಳ್ಳುವುದೂ ಉಂಟು.

ಹೊರದಾರಿ ಕಿರಿದಾದಾಗ ಕಿಡ್ನಿಯ ಒಳಗಿನ ಸಿರೆಗಳಲ್ಲಿ ಒತ್ತಡ ಏರುತ್ತದೆ. ಮೂತ್ರ ಸಂಗ್ರಹವಾಗುವ ಪೊಳ್ಳಿನ ಗೋಡೆಯಲ್ಲಿರುವ ತೆಳು ನಾಳಗಳು ಒಡೆದು ರಕ್ತ ಮೂತ್ರಕ್ಕೆ ಇಳಿಯುತ್ತದೆ. ಇದು ಸಾಮಾನ್ಯವಾಗಿ ಕಣ್ಣಿಗೆ ಕಾಣದಷ್ಟು ಸ್ವಲ್ಪ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಸಿಗುವಂಥದ್ದು. ಆಟ ಓಟದ ನಂತರ, ದಿನವಿಡೀ ನಿಂತು ದುಡಿದ ಸಂಜೆ ಕಣ್ಣಿಗೂ ಕಾಣಬಹುದು. ಕೆಲವರಲ್ಲಿ ರಕ್ತದ ಬದಲು ಪ್ರೋಟೀನ್ ಸೋರುತ್ತದೆ. ಅದೂ ನಿಂತಾಗ ಸೋರಿ, ಮಲಗಿದಾಗ ನಿಲ್ಲುತ್ತದೆ.

ಎಡ ವೃಷಣದ ಅಭಿಧಮನಿ, ಹೆಂಗಸರಲ್ಲಿ ಎಡ ಅಂಡಾಶಯದ ಅಭಿಧಮನಿ, ಎರಡೂ ಬಂದು ಸೇರುವುದು ಇದೇ ಕಿಡ್ನಿಯ ಅಭಿಧಮನಿಗೆ. ಮುಂದೆ ದಾರಿ ಕಟ್ಟಿದರೆ ರಕ್ತ ಈ ನಾಳಗಳಲ್ಲಿ ಹಿಮ್ಮುಖವಾಗಿ ಇಳಿಯುತ್ತದೆ. ಹುಡುಗರಲ್ಲಿ ವೃಷಣಚೀಲದ ಎಡಭಾಗದಲ್ಲಿ ಹುಳುಗಳ ಗಂಟಿನಂತೆ ಕೈಗೆ ಸಿಗುವ ವೆರಿಕೋಸಿಲ್ ಹಾಗೆ ಬರಬಹುದು. ವೆರಿಕೋಸಿಲ್ ಬಹಳ ಗಂಡಸರಲ್ಲಿ ಇರುತ್ತದೆ, ಅವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಇರುವುದಿಲ್ಲ. ಆದರೆ ದೊಡ್ಡವರಲ್ಲಿ ಅದು ಇದ್ದಕ್ಕಿದ್ದಂತೆ ಬಂದರೆ, ಬಲಗಡೆ ಮಾತ್ರ ಇದ್ದರೆ, ಅಥವಾ ಮಲಗಿದಾಗಲೂ ಇಳಿಯದಿದ್ದರೆ ಕಿಡ್ನಿಯ ಗಡ್ಡೆಯನ್ನೂ ಹುಡುಕಬೇಕು. ತಡಮಾಡದೆ ಸ್ಕ್ಯಾನ್ ಮಾಡಿಸಿ.

ಹೆಣ್ಣುಮಕ್ಕಳ ವಿಷಯದಲ್ಲಿ ನನಗೆ ಹೆಚ್ಚು ಸಂಕಟವಾಗುತ್ತದೆ. ಕಿಬ್ಬೊಟ್ಟೆಯಲ್ಲಿ ಸದಾ ಜಗ್ಗಿದಂಥ ನೋವು, ನಿಂತಷ್ಟೂ ಹೆಚ್ಚಾಗುವುದು, ಮುಟ್ಟಿನ ದಿನಗಳಲ್ಲಿ ತಾಳಲಾಗದಿರುವುದು, ಗಂಡನ ಜೊತೆ ಕೂಡಿದ ಮೇಲೆ ಗಂಟೆಗಟ್ಟಲೆ ನೋಯುವುದು, ತೊಡೆಯ ಒಳಭಾಗದಲ್ಲೋ ಗುಪ್ತಾಂಗದ ಬಳಿಯೋ ನಾಳಗಳು ಉಬ್ಬುವುದು. ಇದನ್ನು ಬಾಯಿಬಿಟ್ಟು ಹೇಳುವವರೇ ಕಡಿಮೆ. ಹೇಳಿದರೂ "ಹೆಂಗಸ್ರಿಗೆ ಇದ್ದಿದ್ದೇ" ಎಂದು ಅತ್ತೆಯೋ ಅಕ್ಕನೋ ತಳ್ಳಿಹಾಕುತ್ತಾರೆ. ನೋವಿನ ಮಾತ್ರೆಯ ಮೇಲೆ ವರ್ಷಗಳು ಕಳೆಯುತ್ತವೆ. ನೋವಿನ ಜೊತೆಗೆ ಮೂತ್ರದಲ್ಲೂ ರಕ್ತದ ಕಣ ಇದ್ದರೆ ಎರಡನ್ನೂ ಒಬ್ಬರೇ ವೈದ್ಯರ ಮುಂದೆ, ಒಂದೇ ಸಲ ಹೇಳಿ. ಹೊಟ್ಟೆ ನೋವಿಗೆ ಒಬ್ಬರು, ಮೂತ್ರಕ್ಕೆ ಇನ್ನೊಬ್ಬರು ಎಂದು ಹಂಚಿಹೋದಾಗಲೇ ಈ ಕಾಯಿಲೆ ತಪ್ಪಿಸಿಕೊಳ್ಳುವುದು.

ಇದೇ ಕಿರಿದಾದ ಕೋನದಲ್ಲಿ ಸಣ್ಣ ಕರುಳಿನ ಮೊದಲ ಭಾಗವೂ ಹಾದುಹೋಗುತ್ತದೆ. ಊಟವಾದ ಕೂಡಲೇ ಹೊಟ್ಟೆ ಬಿಗಿದು ವಾಂತಿಯಾಗುವುದು, ಅದರಿಂದ ಇನ್ನಷ್ಟು ಸೊರಗುವುದು ಇದ್ದರೆ ಅದನ್ನೂ ಮರೆಯದೆ ಹೇಳಬೇಕು.

ಸ್ಕ್ಯಾನಿಗೆ ಮೊದಲು ಮೂತ್ರ ಪರೀಕ್ಷೆ

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಕಡೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಶುರುಮಾಡಬಹುದು. ಮೂತ್ರದ ಸೂಕ್ಷ್ಮದರ್ಶಕ ಪರೀಕ್ಷೆ, ಸೋಂಕಿನ ಪರೀಕ್ಷೆ, ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಹಿಮೋಗ್ಲೋಬಿನ್, ರಕ್ತದೊತ್ತಡ, ಹೊಟ್ಟೆಯ ಸಾಮಾನ್ಯ ಅಲ್ಟ್ರಾಸೌಂಡ್, ಇಷ್ಟು ಮೊದಲು ಆಗಲಿ. ಮುಟ್ಟಿನ ದಿನಗಳಲ್ಲಿ ಮೂತ್ರದ ಮಾದರಿ ಕೊಡಬೇಡಿ. ಆ ರಕ್ತ ಬೆರೆತು ವರದಿ ತಪ್ಪುತ್ತದೆ.

ಮಾದರಿ ಕೊಡುವುದರಲ್ಲೂ ಒಂದು ಕ್ರಮವಿದೆ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ರಾತ್ರಿ ಮಲಗುವ ಮುಂಚೆ ಮೂತ್ರ ಪೂರ್ತಿ ಹೊಯ್ದು ಮಲಗಬೇಕು. ಬೆಳಗ್ಗೆ ಎದ್ದ ತಕ್ಷಣ, ಓಡಾಡುವ ಮೊದಲೇ, ಮೊದಲ ಮೂತ್ರದ ನಡುಭಾಗವನ್ನು ಡಬ್ಬಿಗೆ ಹಿಡಿಯಬೇಕು. ನಾಲ್ಕೈದು ಗಂಟೆ ಓಡಾಡಿ ಕೆಲಸ ಮಾಡಿದ ಮೇಲೆ ಎರಡನೆಯ ಮಾದರಿ. ಎರಡರ ಮೇಲೂ ಸಮಯ ಬರೆದು, ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ ನೋಡಿಸಬೇಕು. ಬೆಳಗಿನದು ಸರಿಯಿದ್ದು ಹಗಲಿನದು ಮಾತ್ರ ಹೆಚ್ಚಿದ್ದರೆ ಅದು ನಿಂತಾಗ ಮಾತ್ರ ಸೋರುವ ಪ್ರೋಟೀನ್. ಹದಿಹರೆಯದವರಲ್ಲಿ ಇದು ಸಾಮಾನ್ಯ, ಹೆಚ್ಚಾಗಿ ನಿರಪಾಯ. ಎರಡರಲ್ಲೂ ಹೆಚ್ಚಿದ್ದರೆ ಕಿಡ್ನಿಯ ಒಳಗಿನ ಕಾಯಿಲೆಯನ್ನೇ ಹುಡುಕಬೇಕು. ಮೂತ್ರ ಹಿಡಿದ ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಹಳ್ಳಿಯಿಂದ ಬಸ್ಸಿಗೆ ಕಾಯುವವರು ತಂಪಿನಲ್ಲಿಟ್ಟು ತರಬೇಕು, ಇಲ್ಲದಿದ್ದರೆ ಕಣಗಳು ಒಡೆದುಹೋಗುತ್ತವೆ.

ವರದಿಯಲ್ಲಿ ಕೆಂಪು ರಕ್ತಕಣಗಳ ಆಕಾರದ ಬಗ್ಗೆಯೂ ಕೇಳಿ. ಕಿಡ್ನಿಯ ಜರಡಿಯಿಂದಲೇ ತೂರಿ ಬಂದ ಕಣಗಳು ಸೊಟ್ಟಗೆ, ಹರಿದಂತೆ ಇರುತ್ತವೆ. ಒತ್ತಿಕೊಂಡ ನಾಳದಿಂದ ಬಂದವು ದುಂಡಗೆ, ಸಹಜವಾಗಿರುತ್ತವೆ. ಇದೊಂದರಿಂದ ತೀರ್ಮಾನವಾಗದಿದ್ದರೂ ವೈದ್ಯರಿಗೆ ದಾರಿ ತಿಳಿಯುತ್ತದೆ.

ಮುಂದಿನದು ಡಾಪ್ಲರ್, ಅಂದರೆ ನಾಳದಲ್ಲಿ ರಕ್ತದ ಹರಿವನ್ನು ಅಳೆಯುವ ಅಲ್ಟ್ರಾಸೌಂಡ್. ಹೊಟ್ಟೆಯ ಸಾಮಾನ್ಯ ಸ್ಕ್ಯಾನಿನಲ್ಲಿ ಈ ನಾಳವನ್ನು ಅಳೆಯುವುದಿಲ್ಲ, ಹಾಗಾಗಿ 'ಸ್ಕ್ಯಾನ್ ನಾರ್ಮಲ್' ಎಂಬ ಮಾತಿಗೆ ಇಲ್ಲಿ ಹೆಚ್ಚು ಬೆಲೆಯಿಲ್ಲ. ಚೀಟಿಯಲ್ಲಿ 'ಎಡ ರೀನಲ್ ವೇನ್ ಡಾಪ್ಲರ್' ಎಂದೇ ಬರೆಸಿಕೊಳ್ಳಿ. ಕರುಳಿನ ಗಾಳಿ ಅಡ್ಡ ಬರದಂತೆ ಆರೆಂಟು ಗಂಟೆ ಏನೂ ತಿನ್ನದೆ ಹೋಗಬೇಕು. ಬೆಳಗಿನ ಹೊತ್ತೇ ವಾಸಿ. ಕಿಡ್ನಿಯ ಬಾಯಿಯ ಬಳಿ ಅಭಿಧಮನಿಯ ಅಗಲ ಎಷ್ಟು, ಎರಡು ಅಪಧಮನಿಗಳ ನಡುವೆ ಎಷ್ಟು, ಎರಡೂ ಕಡೆ ರಕ್ತದ ವೇಗ ಎಷ್ಟು ಎಂದು ಅಳೆಯುತ್ತಾರೆ. ಅಗಲದಲ್ಲೂ ವೇಗದಲ್ಲೂ ಐದು ಪಟ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮಲಗಿಸಿ ಒಮ್ಮೆ, ಕೂರಿಸಿ ಅಥವಾ ನಿಲ್ಲಿಸಿ ಒಮ್ಮೆ ನೋಡುವಂತೆ ಕೇಳಿಕೊಳ್ಳಿ.

ಡಾಪ್ಲರಿನಲ್ಲಿ ಅನುಮಾನ ಬಂದರೆ ಬಣ್ಣದ ಔಷಧಿ ಕೊಟ್ಟು ಮಾಡುವ ಸಿ.ಟಿ. ಅಥವಾ ಎಂ.ಆರ್. ಸ್ಕ್ಯಾನ್. ಒತ್ತಿದ ಜಾಗದಲ್ಲಿ ನಾಳ ಹಕ್ಕಿಯ ಕೊಕ್ಕಿನ ಆಕಾರಕ್ಕೆ ಇಳಿದಿರುವುದು, ಅಪಧಮನಿಗಳ ಕೋನ 35 ಡಿಗ್ರಿಗಿಂತ ಕಡಿಮೆ ಇರುವುದು, ಅಂಡಾಶಯದ ನಾಳ ಊದಿರುವುದು ಅದರಲ್ಲಿ ಸ್ಪಷ್ಟ ಕಾಣುತ್ತದೆ. ಸಿ.ಟಿ.ಗೆ ಮುಂಚೆ ಕ್ರಿಯಾಟಿನಿನ್ ನೋಡಿಸಿರಬೇಕು. ಮಕ್ಕಳಲ್ಲಿ ಸಿ.ಟಿ.ಯ ವಿಕಿರಣ ತಪ್ಪಿಸಲು ಸಾಧ್ಯವಾದಷ್ಟೂ ಡಾಪ್ಲರ್, ಬೇಕಾದರೆ ಎಂ.ಆರ್. ಸ್ಕ್ಯಾನ್ ಸಾಕು. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮೊದಲೇ ಹೇಳಿ.

ಶಸ್ತ್ರಚಿಕಿತ್ಸೆಯ ಮಾತು ಬಂದವರಿಗೆ ಮಾತ್ರ ಕೊನೆಯ ಪರೀಕ್ಷೆ: ತೊಡೆಯ ಅಥವಾ ಕುತ್ತಿಗೆಯ ನಾಳದಿಂದ ತೆಳು ಕೊಳವೆ ತೂರಿಸಿ ಒತ್ತಿದ ಜಾಗದ ಆಚೆ ಈಚೆ ಒತ್ತಡ ಅಳೆಯುವುದು. ಸಹಜವಾಗಿ ವ್ಯತ್ಯಾಸ ಒಂದು ಮಿಲಿಮೀಟರ್ ಪಾದರಸ ಮೀರುವುದಿಲ್ಲ. ಮೂರು ಅಥವಾ ಹೆಚ್ಚಿದ್ದರೆ ಅಡಚಣೆ ನಿಜ ಎನ್ನುತ್ತಾರೆ. ರಕ್ತ ಕಾಣುವ ದಿನವೇ ಮೂತ್ರಕೋಶಕ್ಕೆ ದುರ್ಬೀನು ಹಾಕಿದರೆ ಎಡ ಮೂತ್ರನಾಳದ ಬಾಯಿಂದ ಮಾತ್ರ ಕೆಂಪು ಇಳಿಯುವುದು ಕಾಣಸಿಗಬಹುದು.

ಈಗ ಅತಿ ಮುಖ್ಯವಾದ ವಿಷಯ. ಯಾವ ತೊಂದರೆಯೂ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲೂ ಈ ನಾಳ ಒತ್ತಿಕೊಂಡಂತೆ ಕಾಣುತ್ತದೆ. ಮಲಗಿ ತೆಗೆದ ಚಿತ್ರದಲ್ಲಂತೂ ಇನ್ನೂ ಹೆಚ್ಚು. ಚಿತ್ರದಲ್ಲಿ ಒತ್ತಡ ಕಂಡಿತೆಂದ ಮಾತ್ರಕ್ಕೆ ಕಾಯಿಲೆ ಇದೆಯೆಂದಲ್ಲ. ಮೂತ್ರದಲ್ಲಿ ರಕ್ತ, ಎಡ ಪಕ್ಕೆ ನೋವು, ಪ್ರೋಟೀನ್, ಊದಿದ ನಾಳ, ಇವುಗಳಲ್ಲಿ ಯಾವುದಾದರೂ ಇದ್ದು, ಅದಕ್ಕೆ ಬೇರೆ ಕಾರಣ ಸಿಗದೆ, ಅಳತೆಯೂ ಹೊಂದಿದಾಗ ಮಾತ್ರ ಆ ಹೆಸರು ಒಪ್ಪುತ್ತದೆ. ಬೇರಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ ಈ ಸಾಲು ನೋಡಿ ಕಂಗಾಲಾಗಿ ಊರೂರು ಅಲೆಯಬೇಡಿ.

ಹರೆಯದವರಿಗೆ ಮೊದಲ ಔಷಧಿ ಊಟ

ಹದಿನೆಂಟರೊಳಗಿನವರಲ್ಲಿ ರಕ್ತ ಸ್ವಲ್ಪವಿದ್ದು, ಹಿಮೋಗ್ಲೋಬಿನ್ ಕುಸಿಯದೆ, ಕಿಡ್ನಿಯ ಕೆಲಸ ಸರಿಯಿದ್ದರೆ ಕಾಯುವುದೇ ಚಿಕಿತ್ಸೆ. ಕನಿಷ್ಠ ಎರಡು ವರ್ಷ ಕಾಯಿರಿ ಎನ್ನುತ್ತಾರೆ ತಜ್ಞರು. ಆ ಅವಧಿಯಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳಲ್ಲಿ ರಕ್ತ ಹೋಗುವುದು ತಾನಾಗಿ ನಿಲ್ಲುತ್ತದೆ. ಮೈ ತುಂಬಿಕೊಂಡಂತೆ ಅಪಧಮನಿಗಳ ನಡುವಿನ ಕೊಬ್ಬಿನ ಮೆತ್ತೆಯೂ ತುಂಬುತ್ತದೆ, ಪಕ್ಕದ ಸಣ್ಣ ನಾಳಗಳು ಹಿಗ್ಗಿ ರಕ್ತಕ್ಕೆ ಬೇರೆ ದಾರಿ ಮಾಡಿಕೊಡುತ್ತವೆ. ದೊಡ್ಡವರಲ್ಲೂ ತೊಂದರೆ ಹಗುರಾಗಿದ್ದರೆ ಮೊದಲು ಇದನ್ನೇ ನೋಡಬೇಕು.

ಅದಕ್ಕೆ ಡಬ್ಬಿಯ ಪುಡಿ ಬೇಕಿಲ್ಲ. ಕಡೂರು ಸೀಮೆಯ ಅಡುಗೆಮನೆಯಲ್ಲಿ ಬೇಕಾದ್ದೆಲ್ಲ ಇದೆ. ಬೆಳಗ್ಗೆ ಹಾಲಿಗೆ ರಾಗಿ ಹುರಿಹಿಟ್ಟು, ಬೆಲ್ಲ. ಮುದ್ದೆಯ ಜೊತೆ ಬರೀ ಬಸ್ಸಾರಿನ ನೀರಲ್ಲ, ಕಾಳೂ ತಟ್ಟೆಗೆ ಬೀಳಲಿ. ಅನ್ನಕ್ಕೆ ತುಪ್ಪ, ಪಲ್ಯಕ್ಕೆ ಧಾರಾಳವಾಗಿ ತೆಂಗಿನ ತುರಿ, ಸಂಜೆ ಹುರಿದ ಕಡಲೆಕಾಯಿ, ಬೆಲ್ಲ, ಬಾಳೆಹಣ್ಣು. ತಿನ್ನುವ ಮನೆಯಾದರೆ ದಿನಕ್ಕೊಂದೆರಡು ಮೊಟ್ಟೆ. ಒಂದೇ ಸಲ ಹೊಟ್ಟೆ ಬಿರಿಯೆ ತಿನ್ನಿಸುವುದಕ್ಕಿಂತ ದಿನಕ್ಕೆ ಐದಾರು ಸಲ ಕೊಡುವುದು ಒಳ್ಳೆಯದು. ಜಂತುಹುಳುವಿನ ಮಾತ್ರೆ ಕೊಡಿಸಿ. ರಕ್ತ ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆಯೂ ಬೇಕು. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಸಣ್ಣಗಾಗಬೇಕೆಂದು ಊಟ ಬಿಡುವ ಹೆಣ್ಣುಮಕ್ಕಳಿಗೆ ಗದರದೆ, ಪಕ್ಕದಲ್ಲಿ ಕೂತು ಕಾರಣ ತಿಳಿಸಿ ಹೇಳಿ. ತೂಕ ಏರಬೇಕಾದ್ದು ತೆಳ್ಳಗಿರುವವರಿಗೆ ಮಾತ್ರ. ಮೈ ತೂಕ ಸರಿಯಿರುವವರು ಇನ್ನೂ ದಪ್ಪಗಾಗಿ ಪ್ರಯೋಜನವಿಲ್ಲ.

ಪ್ರೋಟೀನ್ ಸೋರಿಕೆಗೆ ವೈದ್ಯರು ಒಮ್ಮೊಮ್ಮೆ ರಕ್ತದೊತ್ತಡದ ಒಂದು ಬಗೆಯ ಮಾತ್ರೆ ಕೊಡುತ್ತಾರೆ. ಅದನ್ನು ಬಸುರಿಯರು ನುಂಗುವಂತಿಲ್ಲ. ಪಕ್ಕೆ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್ ಥರದ ಮಾತ್ರೆ ತಂದು ವಾರಗಟ್ಟಲೆ ನುಂಗುವ ಅಭ್ಯಾಸ ನಮ್ಮಲ್ಲಿ ವಿಪರೀತ. ಮೊದಲೇ ಒತ್ತಡದಲ್ಲಿರುವ ಕಿಡ್ನಿಗೆ ಅದು ಇನ್ನೊಂದು ಪೆಟ್ಟು. ಬಾಳೆದಿಂಡಿನ ರಸ, ಬಾರ್ಲಿ ನೀರು ಕುಡಿದರೆ ಕೆಡುಕಿಲ್ಲ, ಆದರೆ ಒತ್ತಿಕೊಂಡ ನಾಳ ಅದರಿಂದ ಬಿಡಿಸಿಕೊಳ್ಳುವುದಿಲ್ಲ.

ಮೂತ್ರದಲ್ಲಿ ಹೆಪ್ಪುಗಟ್ಟಿದ ರಕ್ತ ಬಂದು ಮೂತ್ರ ಕಟ್ಟಿದರೆ, ಚಳಿಜ್ವರದ ಜೊತೆ ಪಕ್ಕೆ ನೋವಿದ್ದರೆ, ತಲೆಸುತ್ತಿ ಬಿದ್ದರೆ, ಮೂತ್ರದ ಪ್ರಮಾಣ ತೀರಾ ಇಳಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಕೊಯ್ಯುವ ಮಾತು ಬಂದಾಗ

ಪದೇಪದೇ ರಕ್ತ ಹೋಗಿ ರಕ್ತಹೀನತೆ ಬಂದಿದೆ, ನೋವಿನಿಂದ ಶಾಲೆಗೂ ಕೆಲಸಕ್ಕೂ ಹೋಗಲಾಗುತ್ತಿಲ್ಲ, ಕಿಡ್ನಿಯ ಕೆಲಸ ಕುಗ್ಗುತ್ತಿದೆ, ಕಾದು ನೋಡಿದರೂ ಇಳಿದಿಲ್ಲ. ಇಂಥ ಕೆಲವರಿಗಷ್ಟೇ ಶಸ್ತ್ರಚಿಕಿತ್ಸೆ. ಹೆಚ್ಚು ಕಾಲದಿಂದ ರೂಢಿಯಲ್ಲಿರುವುದು ಅಭಿಧಮನಿಯನ್ನು ದೊಡ್ಡ ನಾಳಕ್ಕೆ ಸೇರುವಲ್ಲಿ ಕತ್ತರಿಸಿ, ಕೋನ ಅಗಲವಾಗಿರುವ ಕೆಳಭಾಗಕ್ಕೆ ತಂದು ಹೊಲಿಯುವುದು. ಕೆಲವು ಕಡೆ ಊದಿದ ಅಂಡಾಶಯದ ನಾಳವನ್ನೇ ದೊಡ್ಡ ನಾಳಕ್ಕೆ ಜೋಡಿಸಿ ಬದಲಿ ದಾರಿ ಮಾಡುತ್ತಾರೆ. ಎಡ ಕಿಡ್ನಿಯನ್ನೇ ಬಿಡಿಸಿ ಅದೇ ರೋಗಿಯ ಕಿಬ್ಬೊಟ್ಟೆಗೆ ಕಸಿ ಮಾಡುವುದು ಇನ್ನೂ ದೊಡ್ಡ ಕೆಲಸ. ಕಿಡ್ನಿ ತೆಗೆದೇಬಿಡುವುದು ಎಲ್ಲ ದಾರಿ ಮುಚ್ಚಿದಾಗಿನ ಮಾತು. ಯಾರಾದರೂ ಅದನ್ನೇ ಮೊದಲು ಹೇಳಿದರೆ ಇನ್ನೊಬ್ಬ ತಜ್ಞರನ್ನು ಕಂಡೇ ತೀರಬೇಕು.

ನಾಳದ ಒಳಗಿನಿಂದ ಸ್ಟೆಂಟ್ ಎಂಬ ಲೋಹದ ಬಲೆ ಹಾಕುವುದು ಕೊಯ್ಯದೆ ಆಗುವ ಕೆಲಸವಾದ್ದರಿಂದ ಸಹಜವಾಗಿ ಮನಸ್ಸು ಅತ್ತ ವಾಲುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟವಿದೆ: ಬೆಳೆಯುವ ವಯಸ್ಸಿನವರಲ್ಲಿ ಅದಕ್ಕೆ ಅವಸರ ಸಲ್ಲ. ಈ ನಾಳದಲ್ಲಿ ಸ್ಟೆಂಟ್ ಜರುಗಿ ಹೃದಯದವರೆಗೂ ಹೋದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಹಾಕಿದ ಮೇಲೆ ಕೆಲ ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ ಬೇಕು. ಇಪ್ಪತ್ತರ ವಯಸ್ಸಿನಲ್ಲಿ ಹಾಕಿದ ಲೋಹದ ಬಲೆ ಐವತ್ತು ವರ್ಷ ಹೇಗಿರುತ್ತದೆ ಎಂಬ ಅನುಭವ ಯಾರಿಗೂ ಇಲ್ಲ.

ವೆರಿಕೋಸಿಲ್ ಅಥವಾ ಅಂಡಾಶಯದ ಊದಿದ ನಾಳವನ್ನು ಮುಚ್ಚುವ ಚಿಕಿತ್ಸೆ ಹೇಳಿದವರನ್ನು, ಎಡ ಕಿಡ್ನಿಯ ನಾಳವನ್ನು ಅಳೆದು ನೋಡಿದ್ದೀರಾ ಎಂದು ಕೇಳಿ. ಕಿಡ್ನಿಯ ರಕ್ತಕ್ಕೆ ಉಳಿದಿರುವ ದಾರಿ ಆ ಊದಿದ ನಾಳವೇ ಆಗಿದ್ದು ಅದನ್ನೂ ಮುಚ್ಚಿದರೆ ಕಿಡ್ನಿಯ ಒತ್ತಡ ಏರುತ್ತದೆ.

ಎಲ್ಲಿಗೆ ಹೋಗುವುದು? ಡಾಪ್ಲರ್, ಸಿ.ಟಿ.ಗೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯನ್ನೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯನ್ನೋ ವಿಚಾರಿಸಿ. ತರೀಕೆರೆಯವರಿಗೆ ಶಿವಮೊಗ್ಗವೇ ಹತ್ತಿರ. ಮುಂದಿನ ಹಂತಕ್ಕೆ ಬೆಂಗಳೂರು ಬೇಕಾಗುತ್ತದೆ, ಕಡೂರು, ಬೀರೂರು, ಅಜ್ಜಂಪುರ ಮೂರೂ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿವೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ ಕಿಡ್ನಿಗೆಂದೇ ಇರುವ ಸರ್ಕಾರಿ ಸಂಸ್ಥೆ. ರಕ್ತನಾಳದ ಶಸ್ತ್ರಚಿಕಿತ್ಸೆಗೆ ಜಯದೇವ ಸಂಸ್ಥೆಯಲ್ಲಿ ವಿಚಾರಿಸಬಹುದು. ಮೂತ್ರರೋಗ ತಜ್ಞರು ಮತ್ತು ರಕ್ತನಾಳದ ಶಸ್ತ್ರತಜ್ಞರು ಇಬ್ಬರೂ ಕೂತು ತೀರ್ಮಾನಿಸುವ ಕಡೆಗೇ ಹೋಗಿ. ಈ ಶಸ್ತ್ರಚಿಕಿತ್ಸೆಯನ್ನು ಇದುವರೆಗೆ ಎಷ್ಟು ಜನಕ್ಕೆ ಮಾಡಿದ್ದೀರಿ, ಅವರೆಲ್ಲ ಈಗ ಹೇಗಿದ್ದಾರೆ ಎಂದು ಕೇಳಲು ಸಂಕೋಚ ಬೇಡ.

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ನಿಗದಿತ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ. ದೊಡ್ಡ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಮಾಡಿಸಿಕೊಳ್ಳಿ. ಈ ಕಾಯಿಲೆಯ ಹೆಸರಿನಲ್ಲೇ ಪ್ಯಾಕೇಜ್ ಇರಬೇಕೆಂದಿಲ್ಲ. ನಿಮಗೆ ಹೇಳಿರುವ ಶಸ್ತ್ರಚಿಕಿತ್ಸೆ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ಕೈಯಿಂದ ಎಷ್ಟು ಹಾಕಬೇಕು ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗಿರುವ ಆರೋಗ್ಯಮಿತ್ರರ ಬಳಿ ದಾಖಲಾಗುವ ಮೊದಲೇ ಬರೆಸಿಕೊಳ್ಳಿ.

ಕಾಯುವವರಾಗಲಿ, ಶಸ್ತ್ರಚಿಕಿತ್ಸೆಯಾದವರಾಗಲಿ, ಆರು ತಿಂಗಳಿಗೊಮ್ಮೆ ಮೂತ್ರ, ರಕ್ತದೊತ್ತಡ, ಹಿಮೋಗ್ಲೋಬಿನ್ ನೋಡಿಸಬೇಕು. ಡಾಪ್ಲರ್ ಮತ್ತೆ ಯಾವಾಗ ಎಂಬುದನ್ನು ವೈದ್ಯರು ಹೇಳುತ್ತಾರೆ. ವರದಿಗಳನ್ನೂ ಸ್ಕ್ಯಾನಿನ ಸಿ.ಡಿ.ಯನ್ನೂ ಒಂದೇ ಫೈಲಿನಲ್ಲಿ ತಾರೀಕಿನ ಪ್ರಕಾರ ಇಡಿ, ಮೂತ್ರ ಕೆಂಪಾದ ದಿನ, ಅಂದು ಮಾಡಿದ ಕೆಲಸ, ಆ ತಿಂಗಳ ತೂಕ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೊಸ ವೈದ್ಯರ ಬಳಿ ಹೋದಾಗ ಹಳೆಯ ಸಿ.ಟಿ.ಯನ್ನು ಮತ್ತೆ ಮಾಡಿಸುವ ಖರ್ಚೂ ವಿಕಿರಣವೂ ಇದರಿಂದ ತಪ್ಪುತ್ತವೆ.